ಸುಳ್ಳು ನಡುಕ

ಆರು ತಿಂಗಳ ಕೆಲಸ, ಕ್ಯಾನ್ಸಲ್ ಮಾಡಿದ ಮಂಗಳೂರಿನ ಟಿಕೆಟ್, 2011ರ ಜನವರಿಯಲ್ಲಿ ತಪ್ಪಿಹೋದ ತಮ್ಮ ಬ್ರಯಾನನ ಮದುವೆ, ಆಮೇಲೆ ಎರಡು ತಿಂಗಳು ತಾಯಿ ಆಡದ ಮಾತು. ಡೆಲ್ಮಾ ತೆತ್ತದ್ದು ಇಷ್ಟು. ಯಾಕೆಂದು ಹೇಳಲೆಂದೇ ಅವಳು ಜರ್ಮನಿಯಿಂದ ಗಲ್ಫ್‌ನ ಫಿಂಟಾಸ್‌ನಲ್ಲಿರುವ ತಂದೆತಾಯಿಯ ಮನೆಗೆ ಬಂದಿದ್ದಳು. ತಾಯಿ ಲಿಜ್ಜಿ ಅವಳ ಮುಂದೆ ಚಹಾ ಇಟ್ಟು, ಬೆನ್ನು ಹಾಕಿ ಮೀನು ಕೊಯ್ಯತೊಡಗಿದಳು.

“ಎರಡು ಬ್ಲ್ಯಾಕ್ ಹೋಲ್ ಡಿಕ್ಕಿ ಹೊಡೆದರೆ ಆಕಾಶವೇ ನಡುಗ್ತದೆ ಮಮ್ಮಿ. ಆ ನಡುಕ ನಮ್ಮ ಮೆಷಿನ್‌ಗೆ ಸಿಕ್ಕಿತ್ತು. ಲೋಕದಲ್ಲೇ ಮೊದಲು! ಪರೀಕ್ಷೆ ಮುಗಿಯುವವರೆಗೆ ರಜೆ ಇಲ್ಲ, ಮನೆಯವರಿಗೂ ಹೇಳಬಾರದು ಅಂತ ಆರ್ಡರ್.”

“ಈಗ ಹೇಳ್ತಾ ಇದ್ದೀಯಲ್ಲ?”

“ಈಗ ಹೇಳಬಹುದು. ಅದು ಸುಳ್ಳು.” ಡೆಲ್ಮಾ ಕಣ್ಣುಜ್ಜಿಕೊಂಡಳು. “ನಾವು ಸರಿಯಾಗಿ ಹಿಡಿಯುತ್ತೇವಾ ಅಂತ ನೋಡಲಿಕ್ಕೆ ನಮ್ಮ ಮೇಲಿನವರೇ ಮೆಷಿನ್‌ಗೆ ಗುಟ್ಟಾಗಿ ಹಾಕಿಟ್ಟ ಸುಳ್ಳು ನಡುಕ. ಹೋದ ವಾರ ಎಲ್ಲರ ಎದುರು ಆ ಗುಟ್ಟು ಬರೆದಿಟ್ಟ ಲಕೋಟೆ ಒಡೆದರು. ಹೀಗೆ ಮಾಡ್ತಾರೆ ಅಂತ ಗೊತ್ತಿತ್ತು. ಆದರೂ...”

ತಂದೆ ಪಾಯಸ್ ಪೇಪರ್ ಕೆಳಗಿಟ್ಟ. ಪೇಟೆಯ ಶರ್ಕ್ ಬಡಾವಣೆಯ ಇಪ್ಪತ್ತೆರಡು ಮಹಡಿಯ ಕಟ್ಟಡವೊಂದರಲ್ಲಿ ಫೈರ್ ಸೇಫ್ಟಿ ನೋಡಿಕೊಳ್ಳುವವನು ಅವನು. “ಡ್ರಿಲ್! ನಾನೂ ಹೇಳದೆಯೇ ಬೆಲ್ ಒತ್ತುವುದು. ಹೇಳಿದರೆ ಯಾರು ಓಡ್ತಾರೆ?”

“ಬುತ್ತಿ ಕೊಡಲಿಕ್ಕೆ ಬಂದ ನನ್ನನ್ನೂ ಮೆಟ್ಟಿಲಲ್ಲಿ ಇಳಿಸಿದಿರಲ್ಲ! ಎರಡು ವಾರ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು ಯಾರು?” ಎಂದ ಲಿಜ್ಜಿ ಕತ್ತಿ ಹಿಡಿದೇ ಮಗಳತ್ತ ತಿರುಗಿದಳು. “ಅಕ್ಕ ಎಲ್ಲಿ ಅಂತ ಮದುವೆಯಲ್ಲಿ ಎಲ್ಲರೂ ಕೇಳಿದರು. ನಾನು ಎಂಥ ಹೇಳುವುದು? ನಿನಗೆ ಚಿಕನ್‌ಪಾಕ್ಸ್ ಅಂದೆ.”

“ಮಮ್ಮಿ!”

“ಲೊರೈನ್ ಆಂಟಿ ಮಂಡಿಯೂರಿ ಒಂಬತ್ತು ದಿನ ನೊವೆನಾ ಪ್ರಾರ್ಥನೆ ಮಾಡಿದ್ದಾಳೆ, ನೀನು ಗುಣ ಆಗಲಿಕ್ಕೆ. ಈಗ ಅವಳಿಗೆ ಹೇಳಲಾ, ಡ್ರಿಲ್ ಅಂತ?”

ಪಾಯಸ್‌ಗೆ ನಗು ತಡೆಯಲಿಲ್ಲ. ಡೆಲ್ಮಾಳೂ ನಕ್ಕಳು, ನಗುವುದಕ್ಕೂ ಸುಸ್ತಾಗಿತ್ತು.

“ನಿಜವಾದದ್ದು ಯಾವಾಗ ಬರ್ತದೆ?” ಲಿಜ್ಜಿ ಕೇಳಿದಳು.

“ಗೊತ್ತಿಲ್ಲ. ಬಂದರೆ ಬಿಡುವುದಿಲ್ಲ.”

ಲಿಜ್ಜಿ ಕೈ ತೊಳೆದು ಬಂದು ಮದುವೆಯ ಆಲ್ಬಮ್ ತೆರೆದಳು. ಮೊದಲ ಪುಟದಲ್ಲೇ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ: ಮೈತುಂಬ ತೆಂಗಿನಹಾಲು ಹಚ್ಚಿಸಿಕೊಂಡು ಕುಳಿತ ಬ್ರಯಾನ್. ತಲೆಗೆ ಹಾಲು ಸುರಿಯುತ್ತಿದ್ದದ್ದು ಪಕ್ಕದ ಮನೆಯ ಹುಡುಗಿ. ಅಕ್ಕನ ಕೆಲಸ ಅದು.

ಡೆಲ್ಮಾ ಆ ಪುಟ ಮಗುಚಲಿಲ್ಲ. ಆರು ತಿಂಗಳಲ್ಲಿ ಅವಳು ಗಳಿಸಿದ್ದು, ನಿಜವಾದ ನಡುಕ ಬಂದ ದಿನ ಅದನ್ನು ಗುರುತಿಸುವ ಧೈರ್ಯ. ಕಳೆದುಕೊಂಡದ್ದು ಈ ಒಂದು ಫೋಟೊದಲ್ಲಿನ ತನ್ನ ಜಾಗ.