ಹೆಬ್ಬೆರಳಿನ ಕೆಳಗಿನ ಸಾಲು

ಹನ್ನೊಂದು ಗಂಟೆಗೆ ನುಡಿನಮನ... ಹತ್ತೂಮುಕ್ಕಾಲಾದರೂ ಸುವರ್ಣಾಳ ಕೈಯಲ್ಲಿದ್ದ ಹಾಳೆ ಖಾಲಿ.

ಕೊಪ್ಪಳದ ಆ ಸಮುದಾಯ ಭವನದ ಹಿಂದಿನ ವರಾಂಡದಲ್ಲಿ ಅವಳು ಕೂರುವಳು, ಏಳುವಳು, ಆ ತುದಿಯಿಂದ ಈ ತುದಿಗೆ ನಡೆಯುವಳು.

ತೀರಿಹೋದವರು ಅವಳ ತಂದೆ ಅಂದಾನಪ್ಪ. ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಆಪ್ಟೋಮೆಟ್ರಿಸ್ಟ್.

ಹೆಸರಿಗೊಂದು ಅಂಗಡಿ ಇತ್ತು... ಅಲ್ಲಿ ಅವರು ಕೂತದ್ದು ಕಡಿಮೆ. ಲೆನ್ಸಿನ ಪೆಟ್ಟಿಗೆ ಬೈಕಿಗೆ ಕಟ್ಟಿಕೊಂಡು ಹೊರಟರೆ ಬೆಟ್ಟ ಹತ್ತಿ, ಹೊಳೆ ದಾಟಿ, ಎಂಟು ದಿನಕ್ಕೆ ಮನೆ ಸೇರುತ್ತಿದ್ದರು.

ಸುವರ್ಣಾಳ ಹತ್ತನೇ ಕ್ಲಾಸಿನ ರಿಸಲ್ಟ್ ದಿನವೂ ಇರಲಿಲ್ಲ. ಅವಳ ನಿಶ್ಚಯಕ್ಕೆ ಬಂದದ್ದು ಊಟ ಮುಗಿದ ಮೇಲೆ, ಮೊಣಕಾಲುಮಟ ಕೆಸರು ಮೆತ್ತಿಕೊಂಡು...

ಅಂಥ ಅಪ್ಪನ ಬಗ್ಗೆ ಮಗಳು ಏನೆಂದು ಮಾತಾಡಬೇಕು?

"ಐದ ನಿಮಿಷ ಸಾಕವಾ," ಎಂದರು ಸೋದರಮಾವ, ಬಾಗಿಲಲ್ಲಿ ಇಣುಕಿ. "ಮನೆತನದ ಬಗ್ಗೆ ನಾಕು ಮಾತು, ಹಿರೇರ ಹೆಸರು... ಇಷ್ಟ ಹೇಳಿದ್ರ ಆತು."

"ಅಜ್ಜನ ಅಪ್ಪನ ಹೆಸರೇನ್ ಮಾಮಾ?"

"ಮಲ್ಲಪ್ಪನೋ ಕಲ್ಲಪ್ಪನೋ... ಏ, ನಾ ಹೆಣ್ಣು ಕೊಟ್ಟ ಮನಿಯಂವ. ನಿನಗ ಗೊತ್ತಿಲ್ಲಂದ್ರ ನನಗೇನ್ ಗೊತ್ತು?"

ತಾಯಿ ಇದ್ದಿದ್ದರೆ ಕೇಳಬಹುದಿತ್ತು. ಅವರು ಹೋಗಿಯೂ ಎರಡು ವರ್ಷ.

ಒಳಗೆ ಮೈಕಿನಲ್ಲಿ ಅವಳ ಹೆಸರು ಕರೆದರು.

ಹಾಲ್ ತುಂಬಿತ್ತು. ಹೆಚ್ಚಿನವರು ಹಳ್ಳಿಯ ಮುದುಕ ಮುದುಕಿಯರು... ಒಬ್ಬೊಬ್ಬರ ಕೊರಳಲ್ಲೂ ದಾರ ಕಟ್ಟಿ ತೂಗಿಬಿಟ್ಟ ಚಾಳೀಸು, ನಲವತ್ತು ದಾಟಿದವರ ಹತ್ತಿರದ ಕನ್ನಡಕ.

ಸುವರ್ಣಾ ಮೈಕ್ ಮುಂದೆ ನಿಂತಳು. "ನಮ್ಮಪ್ಪ..." ಎಂದಳು. ಖಾಲಿ ಹಾಳೆಯನ್ನು ಮಡಚಿಟ್ಟಳು.

ಕೊನೆಗೆ ಇದ್ದದ್ದನ್ನೇ ಹೇಳಿಬಿಟ್ಟಳು.

"ಕ್ಷಮಿಸ್ರಿ. ನಮ್ಮಪ್ಪ ಯಾಕ ಹಂಗ ಊರೂರು ತಿರಗತಿದ್ರು ಅಂತ ನನಗ ಗೊತ್ತಿಲ್ಲ. ಅವರ ಹಿರೇರು ಯಾರು ಅನ್ನೂದೂ ಗೊತ್ತಿಲ್ಲ."

ಹೆಂಗಸರ ಸಾಲಿನಿಂದ ಮುದುಕಿಯೊಬ್ಬಳು ಎದ್ದಳು. ಹೊಳೆಯ ನಡುಗಡ್ಡೆಯ ಊರಿನ ಹನುಮವ್ವ.

"ನಮಗ ಗೊತ್ತೈತೆವಾ," ಎಂದಳು. "ನಿಮ್ಮಪ್ಪ ನಮ್ಮೂರಿಗೆ ಬರೂವಾಗ ಹರಗೋಲು ಮಗಚಿತ್ತು. ಪೆಟ್ಟಿಗಿ ತಲಿ ಮ್ಯಾಲ ಹೊತ್ಕೊಂಡು ಎದಿಮಟ ನೀರಾಗ ನಡಕೋತ ಬಂದ್ರು. ಚಾ ಕುಡೀರಿ ಅಂದ್ರ, ಮೊದಲ ನೀ ಸೂಜಿ ಪೋಣಸು ಅಂದ್ರು."

"ಎಲ್ಲಾರಿಗೂ ಹಂಗ ಅಂತಿದ್ರು," ಎಂದು ಹಿಂದಿನಿಂದ ಯಾರೋ ನಕ್ಕರು.

"ಅಕ್ಕಿಯಾಗಿನ ಹಳ್ಳು ಕಾಣೂದಿಲ್ಲಂತ ಸೊಸಿ ನನ್ನ ಮೂಲಿಗೆ ಕುಂದ್ರಿಸಿದ್ಲು," ಎಂದು ಹನುಮವ್ವ ಮುಂದುವರಿಸಿದಳು. " ಆವಾಗ ಬಂದ್ರು ನಿಮ್ಮಪ್ಪ. ಕಣ್ಣು ನೋಡಾಕ, ಅಕ್ಷರ ಬಂದೋರಿಗೆ ತಾವ ಬರದ ಒಂದು ಕಾರ್ಡು ಓದಾಕ ಕೊಡತಿದ್ರು. ನನ್ನಂಥಾಕಿ ಕೈಯಾಗ ಸೂಜಿ-ದಾರ ಕೊಟ್ಟು, ಕಾರ್ಡು ತಾವ ಓದತಿದ್ರು. ವರ್ಷಾ ವರ್ಷಾ ಕೇಳಿ ಬಾಯಿಪಾಠ ಆಗೇತಿ."

ಕಣ್ಣು ಮುಚ್ಚಿ ಶುರುಮಾಡಿದಳು...

"ನಾನು ಅಂದಾನಪ್ಪ. ನನ್ನ ತಂದೆ ಶಿವಲಿಂಗಪ್ಪ, ಗಡಿಯಾರ ರಿಪೇರಿಯವರು."

ಆ ಬದಿಯ ಮುದುಕನೊಬ್ಬ ದನಿಗೂಡಿಸಿದ. "ಅವರ ತಂದೆ ಕಲ್ಲಪ್ಪ. ಗೋವೆಯಿಂದ ಘಟ್ಟ ಹತ್ತಿಸಿ ಎತ್ತಿನ ಗಾಡಿಯಲ್ಲಿ ಉಪ್ಪು ತಂದವರು."

ಆಮೇಲೆ ಅರ್ಧ ಹಾಲೇ ಹೇಳತೊಡಗಿತು.

"ಕಲ್ಲಪ್ಪನ ತಾಯಿ ನೀಲವ್ವ. ಕೌದಿ ಹೊಲಿಯುತ್ತಿದ್ದಳು. ನಲವತ್ತಕ್ಕೆ ಸೂಜಿಗೆ ದಾರ ಏರಿಸಲಾಗಲಿಲ್ಲ. ಕುರುಡಿಯಾದಳೆಂದು ಮೂಲೆಗೆ ಕೂರಿಸಿದರು. ಇಪ್ಪತ್ತೇಳು ವರ್ಷ ಕೂತಳು. ಅವಳಿಗೆ ಬೇಕಾಗಿದ್ದದ್ದು ಒಂದು ಚಾಳೀಸು."

"ಮೂಲೆಯಲ್ಲಿ ಕೂತವರು ಅಂಗಡಿಗೆ ಬರುವುದಿಲ್ಲ. ಅದಕ್ಕೆ ನಾನೇ ಹೋಗುತ್ತೇನೆ."

ಸುವರ್ಣಾ ಮೈಕಿನ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇನ್ನೊಂದ ಸಾಲು ಐತಿ," ಎಂದಳು ಹನುಮವ್ವ. "ಅದು ನಮಗ್ಯಾರಿಗೂ ಬರೂದಿಲ್ಲ. ಭಾಳ ಸಣ್ಣ ಅಕ್ಷರ. ಅದರ ಮ್ಯಾಲ ಹೆಬ್ಬಟ್ಟು ಇಟ್ಟು ಮುಚ್ಚತಿದ್ರು. ಇದು ನನ್ನ ಮಗಳದು, ನೀವು ಓದಬ್ಯಾಡ್ರಿ ಅಂತ..."

ಮೈಕಿನ ಹತ್ತಿರವೇ ಅಪ್ಪನ ಫೋಟೋ, ಅದರ ಪಕ್ಕ ಲೆನ್ಸಿನ ಪೆಟ್ಟಿಗೆ ಇಟ್ಟಿದ್ದರು. ತನ್ನ ಅಪ್ಪನನ್ನು ಮನೆಯಿಂದ ಒಯ್ಯುತ್ತಿದ್ದ ಆ ಪೆಟ್ಟಿಗೆಯನ್ನು ಸುವರ್ಣಾ ಮೊದಲ ಬಾರಿಗೆ ತೆರೆದಳು.

ಲೆನ್ಸುಗಳ ಮೇಲೇ ಇತ್ತು ಕಾರ್ಡು. ಅಂಚು ಮಾಸಿ, ತುದಿ ಮಡಚಿ... ಕೊನೆಯ ಸಾಲಿನ ಮೇಲೆ ಬೆರಳಿನ ಕಲೆ.

ಹತ್ತಿರ ಹಿಡಿದಳು, ದೂರ ಹಿಡಿದಳು. ಇರುವೆ ಹರಿದಂತೆ ಕಂಡಿತೇ ಹೊರತು ಓದಲಾಗಲಿಲ್ಲ. ಅವಳಿಗೀಗ ನಲವತ್ಮೂರು.

ಹನುಮವ್ವ ಹತ್ತಿರ ಬಂದು ಕೊರಳಿನ ಚಾಳೀಸು ತೆಗೆದು ಕೊಟ್ಟಳು. "ಹಾಕ್ಕೋ. ನಿಮ್ಮಪ್ಪ ಕೊಟ್ಟದ್ದ."

ಅಕ್ಷರಗಳು ಮೂಡಿದವು...

"ನನ್ನ ಸುವರ್ಣಾಳಿಗೂ ಒಂದು ದಿನ ನಲವತ್ತಾಗುತ್ತದೆ. ಅವಳು ಈ ಸಾಲು ಓದುವ ದಿನ ನಾನು ಎಲ್ಲಿಗೂ ಹೋಗಿರಬಾರದು. ಅವಳ ಎದುರಿಗೇ ಕೂತಿರಬೇಕು."

ಮೂರು ವರ್ಷದ ಹಿಂದೆ ಅಪ್ಪ ಫೋನ್ ಮಾಡಿದ್ದರು. "ನಲವತ್ತಾತಲ್ಲವಾ... ಒಂದ ಸಲ ಬಾ, ಕಣ್ಣು ನೋಡತೀನಿ."

"ನನ್ನ ಕಣ್ಣು ಛಲೋ ಅದಾವ," ಎಂದಿದ್ದಳು ಅವಳು. "ನಿಮಗ ಮನ್ಯಾಗ ಕುಂದ್ರಾಕ ಟೈಮ್ ಎಲ್ಲೈತಿ?"

ಆಮೇಲೂ ಎರಡು ಸಲ ಕರೆದರು. ಅವಳು ಕಣ್ಣು ತೋರಿಸಲು ಹೋಗಲಿಲ್ಲ...

"ಏನ್ ಬರದಾರವಾ?" ಹನುಮವ್ವ ಮೆಲ್ಲಗೆ ಕೇಳಿದಳು.

ಸುವರ್ಣಾ ಮೈಕ್ ಬಿಟ್ಟು ಬಂದಳು. ಅಪ್ಪನ ಫೋಟೋದ ಎದುರಿಗೆ, ನೆಲದ ಮೇಲೆ ಕಾಲು ಮಡಚಿ ಕೂತಳು.

ಕಾರ್ಡನ್ನು ಮೊದಲ ಸಾಲಿನಿಂದ, ಶಾಲೆಯ ಹುಡುಗಿಯಂತೆ, ಗಟ್ಟಿಯಾಗಿ ಓದತೊಡಗಿದಳು...

ಮನೆಯವರ ಕಥೆಯನ್ನು ಊರವರಿಂದ ಕೇಳಬೇಕಾಗಿ ಬರುವ ಮೊದಲು, ಮನೆಯವರ ಎದುರಿಗೆ ಒಂದು ಗಳಿಗೆ ಕೂತುಬಿಡಿ.

ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಗೊತ್ತಾ? ಇಲ್ಲವಾದರೆ... ಅದನ್ನು ಹೇಳಬಲ್ಲವರು ಇನ್ನೂ ಇರುವಾಗಲೇ ಅವರನ್ನು ಯಾವತ್ತು ಕೇಳುತ್ತೀರಿ?