ನೇರಳೆ ಕೊಕ್ಕರೆ

"ಫ್ಯಾನ್ ಆರಿಸು. ಕಿಟಕಿ ಹಾಕು. ಕೈ ತೊಳೆದ್ಯಾ? ಒರೆಸಿಕೊಂಡ್ಯಾ? ಕ್ರೀಮು ಗೀಮು ಏನೂ ಹಚ್ಚಿಲ್ಲ ತಾನೆ?"

ಸೊಸೆ ಎರಡೂ ಅಂಗೈಗಳನ್ನು ಮಾವನ ಮೂಗಿನ ತನಕ ಚಾಚಿದಳು. "ಆಪರೇಷನ್‌ಗೆ ಹೋಗೋ ಡಾಕ್ಟರಿಗೂ ಇಷ್ಟೊಂದು ಕೇಳಲ್ಲ ಮಾವ."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ನಗು ಬರಲಿಲ್ಲ. ಮೇಜಿನ ಮೇಲೆ ಸ್ಕ್ಯಾನರ್ ಬಾಯಿ ತೆರೆದು ಕೂತಿತ್ತು, ಪಕ್ಕದಲ್ಲಿ ಗಂಡನ ಅಂಚೆಚೀಟಿಯ ಆಲ್ಬಮ್‌ಗಳು. ಅವುಗಳ ಪೈಕಿ ಒಂದರ ಕೊನೆಯ ಪುಟದಲ್ಲಿ ಅವಳು ಮಾಡಿದ ಖೋಟಾ ಇತ್ತು.

ಮದುವೆಯಾದ ಹೊಸತರ ಮಾತು. ಗಂಡ ಊರಲ್ಲಿರಲಿಲ್ಲ. ಬಂದಾಗ ಮೆಚ್ಚಿಕೊಳ್ಳಲಿ ಎಂದು, ಅವನು ಕೂಡಿಟ್ಟಿದ್ದ ಲಕೋಟೆಗಳ ಚೀಟಿಗಳನ್ನು ಬಿಡಿಸಲು ನೀರಲ್ಲಿ ನೆನೆಹಾಕಿದಳು. ಅವನು ಹಾಗೆ ಮಾಡುವುದನ್ನು ನೋಡಿದ್ದಳು. ಕೆಲವು ಶಾಯಿ ನೀರು ತಾಗಿದರೆ ಕರಗಿಯೇ ಹೋಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅವುಗಳಲ್ಲಿ ಒಂದು ಚೀಟಿಯ ಮೇಲಿದ್ದ, ಅವನು ಜೀವದಂತೆ ಕಾಪಾಡಿಕೊಂಡಿದ್ದ ನೇರಳೆ ಕೊಕ್ಕರೆ ಕಣ್ಣೆದುರೇ ಬಟ್ಟಲಿನ ನೀರಾಯಿತು. ಉಳಿದದ್ದು ಹಲ್ಲಂಚಿನ ಬಿಳಿ ಕಾಗದ.

ಅವಳು ಡ್ರಾಯಿಂಗ್ ಟೀಚರ್. ಅತ್ತು ಮುಗಿದ ಮೇಲೆ ಎಲ್ಲಕ್ಕಿಂತ ಸಣ್ಣ ಕುಂಚ ಹುಡುಕಿ, ಅವನ ಪುಸ್ತಕದಲ್ಲಿದ್ದ ಚಿತ್ರ ನೋಡಿಕೊಂಡು, ಅದೇ ಕಾಗದದ ಮೇಲೆ ಕೊಕ್ಕರೆಯನ್ನು ಮತ್ತೆ ಬರೆದಳು. ರೆಕ್ಕೆಯ ಮೇಲಿದ್ದ ಅಂಚೆಮೊಹರನ್ನೂ ಬಿಡಲಿಲ್ಲ. ಗಂಡ ಬಂದ, ಚಿಮುಟದಲ್ಲಿ ಎತ್ತಿ ಬಹಳ ಹೊತ್ತು ನೋಡಿದ. "ತುಂಬ ಚೆನ್ನಾಗಿ ಬಿಡಿಸಿದ್ದೀಯ" ಎಂದು ಆಲ್ಬಮ್‌ಗೆ ಸೇರಿಸಿದ. ಅವಳು ಉಸಿರು ಬಿಟ್ಟಳು. ಆಮೇಲೆ ಆ ಪುಟದ ಕಡೆ ಒಮ್ಮೆಯೂ ತಲೆಹಾಕಲಿಲ್ಲ.

ಇವನೋ, ಅಂಚೆಚೀಟಿ ಸಂಗ್ರಹಕಾರರ ಸಂಘದಲ್ಲಿ "ಭೂತಗನ್ನಡಿ" ಎಂದೇ ಹೆಸರಾದವನು. ಯಾರಿಗೆ ಯಾವ ಚೀಟಿಯ ಮೇಲೆ ಅನುಮಾನ ಬಂದರೂ ಇವನ ಬಳಿ ತರುತ್ತಿದ್ದರು. ನೋಡಿದ ಕೂಡಲೇ ಅಸಲಿ ನಕಲಿ ಹೇಳಿಬಿಡುತ್ತಿದ್ದ. ಮದುವೆಯ ಮೊದಲ ವರ್ಷಗಳಲ್ಲಿ ಯಾವ ಊರಲ್ಲಿ ಚೀಟಿ ಮಾರಾಟವಿದ್ದರೂ ಹುಚ್ಚು ಹಿಡಿದವನಂತೆ ಓಡುತ್ತಿದ್ದ. ಒಮ್ಮೆ ಹೋಗಿಬಂದವನು ಇನ್ನು ಸಾಕು ಎಂದು ಆ ಓಡಾಟ ಬಿಟ್ಟ. ಸದ್ಯ, ಮನೆಯಲ್ಲಿರುತ್ತಾನಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು.

ಈಗ ಸಂಘದವರು ಪ್ರದರ್ಶನ ಇಟ್ಟಿದ್ದಾರೆ. ಚೀಟಿಗಳ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ತೂಗುಹಾಕುತ್ತಾರಂತೆ. ಬಾಗಿಲಿನಷ್ಟು ದೊಡ್ಡದಾದರೆ ಕುಂಚದ ಗೆರೆ ಹಗ್ಗದಂತೆ ಕಾಣುತ್ತದೆ. ಊರವರ ಖೋಟಾ ಹಿಡಿದವನ ಮನೆಯಲ್ಲೇ ಖೋಟಾ! ಅವನ ಮಾನ ನಾಲ್ಕು ಜನರ ಮುಂದೆ ಹೋಗುತ್ತದೆ, ಅದೂ ತನ್ನ ಕೈಯಿಂದ.

"ಹಲ್ಲು ಮುಟ್ಟಬೇಡ, ಮಧ್ಯಕ್ಕೆ ಹಿಡಿ. ಗಾಜಿನ ಮೇಲೆ ಎಳೀಬೇಡ, ಎತ್ತಿ ಇಡು. ಮೇಲೆ ಕಪ್ಪು ಕಾರ್ಡು. ಮುಚ್ಚಳ ಒತ್ತಬೇಡ ಮಾರಾಯ್ತಿ, ಅದೇನು ಇಸ್ತ್ರಿ ಪೆಟ್ಟಿಗೆನಾ?"

ಒಂದೊಂದೇ ಚೀಟಿ ಗಾಜಿನ ಮೇಲೆ ಮುಖ ಕೆಳಗಾಗಿ ಮಲಗಿ ಎದ್ದುಬಂತು. ಸೆಕೆಗೆ ಎಲ್ಲರ ಹಣೆಯೂ ಬೆವರಿತ್ತು. ಸೊಸೆ ಕೊನೆಯ ಆಲ್ಬಮ್‌ಗೆ ಕೈಹಾಕಿದಳು.

"ರೀ, ಆ ಕೊಕ್ಕರೆ ಒಂದು ಬಿಟ್ಟುಬಿಡಿ," ಎಂದಳು ಅತ್ತೆ. "ಅಷ್ಟು ಬೆಳಕಿಗೆ ಬಣ್ಣ ಹೋದರೆ?"

"ಹೌದು ಹೌದು, ಅದು ಬೇಡ," ಎಂದ ಗಂಡ, ಅವಳ ಮಾತು ಮುಗಿಯುವ ಮೊದಲೇ.

ಎಂದೂ ಅವಳ ಮಾತನ್ನು ಒಂದೇ ಸಲಕ್ಕೆ ಒಪ್ಪದವನು ಒಪ್ಪಿದ್ದ. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ.

"ಅಯ್ಯೋ, ಅದಕ್ಕೇ ಅಲ್ವಾ ಇಷ್ಟೆಲ್ಲ!" ಎಂದಳು ಸೊಸೆ. "ನಿಮ್ಮ ಸಂಘದ ಕಾರ್ಯದರ್ಶಿ ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ರು. ಕೊಕ್ಕರೆ ಇಲ್ದೆ ಪ್ರದರ್ಶನವೇ ಇಲ್ಲ ಅಂದ್ರು."

ಗಂಡನ ಮುಖ ಬಾಡಿತು. "ಹಾಗಾದ್ರೆ ಚಿಕ್ಕದಾಗಿ ತೆಗಿ," ಎಂದ. ಆಮೇಲೆ ಹೆಂಡತಿಯ ಕಡೆ ನೋಡದೆ, "ನೀನು ಒಳಗೆ ಹೋಗಿ ಕಾಫಿ ಮಾಡ್ಬಾರ್ದಾ?"

ಅನುಮಾನ ಬಂದಿದೆ, ತನ್ನನ್ನು ಆಚೆ ಕಳಿಸಿ ಪರೀಕ್ಷೆ ಮಾಡಬೇಕೆಂದಿದ್ದಾನೆ ಎಂದುಕೊಂಡಳು ಅವಳು. ಒಳಗೆ ಹೋದವಳು ಲೋಟದ ತುಂಬ ನೀರು ಹಿಡಿದು ಬಂದಳು. ಕೈ ಜಾರಿತು ಎಂದರೆ ಆಯಿತು. ಖೋಟಾ ಎಂದು ಗೊತ್ತಾಗುವುದಕ್ಕಿಂತ ಹಾಳಾದದ್ದೇ ವಾಸಿ.

"ನೀರು ಇಲ್ಲಿಗೆ ತರಬೇಡ!" ಗಂಡ ಕೂಗಿಯೇಬಿಟ್ಟ. ಮರುಕ್ಷಣ ದನಿ ಇಳಿಸಿದ. "ಕೆಲವು ಬಣ್ಣ ತಡೆಯಲ್ಲ ಕಣೇ."

ಅವಳು ಲೋಟವನ್ನು ದೂರ ಇಟ್ಟು ಗೋಡೆಗೆ ಒರಗಿದಳು. ಈ ಚೀಟಿಯನ್ನು ಅವನು ಸೊಸೆಯ ಕೈಗೂ ಕೊಡಲಿಲ್ಲ. ತಾನೇ ಆಲ್ಬಮ್‌ ಅನ್ನು ಎದೆಗೆ ಒತ್ತಿಹಿಡಿದು ಪುಟ ತೆರೆದ, ಚಿಮುಟದಲ್ಲಿ ಎತ್ತಿದ, ಗಾಜಿನ ಮೇಲೆ ಮಲಗಿಸಿದ. ಅವಳಿಗೆ ಕಂಡದ್ದು ಬಿಳಿಯ ಬೆನ್ನು ಮಾತ್ರ. ಕಾರ್ಡು ಬಂತು, ಮುಚ್ಚಳ ಇಳಿಯಿತು, ಬೆಳಕು ಸರಿಯಿತು.

ಚಿಕ್ಕದಾಗಿ ತೆಗಿ ಎಂದರೆ ಕೇಳುವ ಸೊಸೆಯೇ? ಪರದೆಯ ತುಂಬ ಹಿಗ್ಗಿಸಿದಳು.

ಕೊಕ್ಕು ಕಂಡಿತು. ಕಣ್ಣು ಕಂಡಿತು. ಕಣ್ಣಿನ ಸುತ್ತ ಕೂದಲಿಗಿಂತ ತೆಳುವಾದ ಗೆರೆಗಳು, ಒಂದರ ಪಕ್ಕ ಒಂದು, ಅಚ್ಚಿನಲ್ಲಿ ಮಾತ್ರ ಬರುವಂಥವು. ಅವಳು ಅಲ್ಲಿ ಇಟ್ಟಿದ್ದು ಒಂದು ಚುಕ್ಕೆ. ರೆಕ್ಕೆಯ ಮೇಲೆ ಮೊಹರಿರಲಿಲ್ಲ. ಅದು ಕೆಳಗೆ, ಕಾಲಿನ ಹತ್ತಿರವಿತ್ತು. ಕುಂಚ ಆಡಿದ ಗುರುತು ಎಲ್ಲೂ ಇರಲಿಲ್ಲ.

"ಅಸಲಿ ಅಂದ್ರೆ ಹೀಗಿರ್ಬೇಕು!" ಎಂದಳು ಸೊಸೆ.

ಅತ್ತೆ ಗಂಡನ ಕಡೆ ತಿರುಗಿದಳು. ಅವನು ಕದ್ದು ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿ, ಒರೆಸಿದ ಚಿಮುಟವನ್ನೇ ಮತ್ತೆ ಒರೆಸುತ್ತಿದ್ದ.

"ರೀ," ಎಂದಳು, "ನಾನು ಬರೆದಿದ್ದನ್ನ ಎಲ್ಲಿಟ್ಟಿದ್ದೀರಿ?"