ಹಿಡಿಯಲ್ಲೊಂದು ದಿಕ್ಸೂಚಿ

"ಇದು ಮುರಿಯುವುದಿಲ್ಲ ಅಲ್ವಾ ಅಂಕಲ್?"

ಶಟರ್ ಪೂರ್ತಿ ಮೇಲೇರುವ ಮೊದಲೇ ಅಂಗಡಿಗೆ ನುಗ್ಗಿದ್ದ ಗಿರಾಕಿ ಚಾಕುವಿನ ಹಿಡಿಯನ್ನು ಕಿವಿಗೆ ಹಿಡಿದು ಉಗುರಿನಿಂದ ತಟ್ಟುತ್ತಿದ್ದ. ಮಧ್ವೇಶನಿಗೆ ಮೈ ಉರಿಯಿತು. ತಟ್ಟಿ ನೋಡಲು ಇದೇನು ಕಲ್ಲಂಗಡಿಯೇ?

"ಟೊಳ್ಳು ಶಬ್ದ ಬರ್ತದಲ್ಲ?"

"ಹಿಡಿಯೊಳಗೆ ದಿಕ್ಸೂಚಿ ಉಂಟು. ಅದರ ಶಬ್ದ."

ಗಿರಾಕಿ ತಲೆಯಾಡಿಸಿದ. ಮಧ್ವೇಶ ಒಳಗೊಳಗೇ ನಕ್ಕ. ಮುಂಬಯಿ ಹೊರವಲಯದ ಡೊಂಬಿವ್ಲಿ ಪೂರ್ವದಲ್ಲಿ ಬ್ಯಾಗು, ಟಾರ್ಚು, ರೈನ್‌ಕೋಟು ಮಾರುತ್ತಲೇ ಅವನ ಕೂದಲು ಬೆಳ್ಳಗಾಗಿತ್ತು. ಈ ಜಾತಿಯ ಜನರನ್ನು ಅವನು ಅರೆದು ಕುಡಿದಿದ್ದ. ವಾರವಿಡೀ ಎಸಿಯ ತಂಪಿನಲ್ಲಿ ಕೂತು, ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ನಾಲ್ಕನೇ ಸೀಟಿಗೆ ಕಚ್ಚಾಡಿ, ಶನಿವಾರ ಬಂತೆಂದರೆ ಕಾಡುಮನುಷ್ಯರಾಗುವ ಮಂದಿ. ಕಾಡಿಗೆ ಹೋಗಿ ಇವರು ಕಡಿಯುವುದಾದರೂ ಏನು? ಸೌತೆಕಾಯಿ. ಬಹಳವಾಯಿತೆಂದರೆ ಯಾರದೋ ಬರ್ತ್‌ಡೇ ಕೇಕು. ಇವನನ್ನೇ ನೋಡಿ, ಮಣ್ಣು ಮೆಟ್ಟದ ಹೊಸ ಬೂಟು. ಅಂಗಿಯ ಜೇಬಿನಿಂದ ಆಫೀಸ್ ಕಾರ್ಡಿನ ನೀಲಿ ಪಟ್ಟಿ ಇಣುಕುತ್ತಿದೆ. ರಜೆಯ ದಿನವೂ ಕೊರಳಿಗೆ ಹಗ್ಗವಿಲ್ಲದೆ ಇವರಿಗೆ ನಿದ್ದೆ ಬರುವುದಿಲ್ಲ.

ಹೆಸರು ಪೃಥ್ವಿರಾಜ್ ಅಂತೆ. ಅಮ್ಮನ ಊರು ಕಾರ್ಕಳ. ಅರ್ಧಕ್ಕೇ ಸಿಕ್ಕಿಕೊಂಡ ಶಟರನ್ನು ಮಧ್ವೇಶ ಕನ್ನಡದಲ್ಲಿ ಬೈದದ್ದು ಕಿವಿಗೆ ಬಿದ್ದು ಮುಖ ಅರಳಿಸಿದ್ದ. "ನಮ್ಮ ಕಡೆಯವರೇ ಸಿಕ್ಕಿದ್ರಲ್ಲ! ಇನ್ನು ಮೋಸ ಇಲ್ಲ ಬಿಡಿ."

ಊರಿನವನೆಂದರೆ ರೇಟು ಕಡಿಮೆ ಮಾಡಿ ಎನ್ನುವವನು. ಮಧ್ವೇಶನ ತಾತ್ಸಾರ ಇನ್ನಷ್ಟು ಹೆಚ್ಚಿತು.

"ಸ್ಟೈಲ್ ಬೇಡ ಅಂಕಲ್, ಗಟ್ಟಿ ಬೇಕು. ಮಡಚುವಂಥದ್ದು ಬೇಡ. ಉಕ್ಕು ಹಿಡಿಯೊಳಗೆ ಎಲ್ಲಿವರೆಗೆ ಉಂಟು?"

ಗಲ್ಲಾದ ಗಾಜು ಒರೆಸುತ್ತಿದ್ದ ಮಧ್ವೇಶನ ಕೈ ಗಕ್ಕನೆ ನಿಂತಿತು. ಸೌತೆಕಾಯಿ ಹೆಚ್ಚುವವರು ಈ ಪ್ರಶ್ನೆ ಕೇಳುವುದಿಲ್ಲ. ತುರ್ಭೆಯ ಆ ಯೋಗೀಶನೇ ಇವನನ್ನು ಕಳಿಸಿರಬಹುದೇ?

ಕಳೆದ ಮಳೆಗಾಲದಲ್ಲಿ ಯೋಗೀಶ ಇಂಥದ್ದೇ ಚಾಕು ಒಯ್ದಿದ್ದ. ಬಿದಿರು ಸೀಳುವಾಗ ಹಿಡಿ ಕೈಯಲ್ಲೇ ಉಳಿದು, ಅಲಗು ಹಾರಿ, ಎದುರು ಕೂತಿದ್ದ ಗೆಳೆಯನ ತೊಡೆಗೆ ಇಳಿದಿತ್ತು. ಆ ಗೆಳೆಯ ಯೋಗೀಶನ ಜೊತೆ ಕುಂಟುತ್ತ ಅಂಗಡಿಯ ಮೆಟ್ಟಿಲು ಹತ್ತಿದಾಗ ಮಧ್ವೇಶ ಕೂತಲ್ಲಿಂದ ಏಳಲಿಲ್ಲ. "ಚಾಕು ಹಿಡಿಯಲಿಕ್ಕೆ ಬಾರದವರು ಕಾಡಿಗೆ ಯಾಕೆ ಹೋಗ್ತೀರಿ?" ಎಂದು ಇಬ್ಬರನ್ನೂ ಅಟ್ಟಿದ್ದ. ಟೊಳ್ಳು ಹಿಡಿಯೊಳಗೆ ಉಕ್ಕು ಇರುವುದು ಎರಡು ಬೆರಳಗಲ, ಉಳಿದದ್ದು ಅಂಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗಟ್ಟಿ ಚಾಕು ಅವನಲ್ಲಿ ಇರಲಿಲ್ಲವೆಂದಲ್ಲ. ಒಂದಿತ್ತು. ಮೊನೆಯಿಂದ ಹಿಡಿಯ ತುದಿಯವರೆಗೆ ಒಂದೇ ಉಕ್ಕಿನ ತುಂಡು, ನೋಡಲು ಕಳೆಯಿಲ್ಲ, ಭಾರ ಬೇರೆ. ಮಗ ಸಮಿತನಿಗೂ ಈಚೆಗೆ ಈ ಹುಚ್ಚು ಹತ್ತಿದ್ದರಿಂದ ಅದು ಅವನ ಪಾಲಾಗಿತ್ತು. "ಪಪ್ಪಾ, ಯೇ ಹಥೋಡಾ ಹೈ ಕ್ಯಾ?" ಎಂದು, ಸುತ್ತಿಗೆ ಕೊಟ್ಟರೇನೋ ಎಂಬಂತೆ ಹುಡುಗ ನಕ್ಕಿದ್ದ. ಅಂಗಡಿಯ ಮಾಲು ಬೇರೆ, ಮನೆಯ ಮಾಲು ಬೇರೆ.

"ತುದಿವರೆಗೂ ಉಂಟು," ಎಂದ ಮಧ್ವೇಶ. "ಯಾಕೆ, ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಇಲ್ಲಪ್ಪ. ಬಿದಿರು ಸೀಳಿ ಚಪ್ಪರ ಹಾಕ್ಲಿಕ್ಕುಂಟು. ಒಬ್ಬ ಬಿದಿರು ಹಿಡ್ಕೊಳ್ತಾನೆ, ನಾನು ಅಲಗಿನ ಬೆನ್ನಿಗೆ ಕೊರಡಿನಿಂದ ಹೊಡೀತೇನೆ. ನನ್ನನ್ನು ನಂಬಿ ಬಂದವರು ಅವರು. ಯಾರಿಗೂ ಪೆಟ್ಟಾಗಬಾರದು."

ಯೋಗೀಶನ ಹೆಸರಿಲ್ಲ. ಮಧ್ವೇಶನ ಎದೆ ಹಗುರಾಯಿತು, ಹಗುರಾದೊಡನೆ ಮೊದಲಿನ ಅಸಡ್ಡೆ ಮರಳಿತು. ದೊಡ್ಡ ದಂಡನಾಯಕ ಇವನು! ಎರಡು ವಿಡಿಯೋ ನೋಡಿ ಮುಂದಾಳಾದವನು, ಅವನ ಹಿಂದೆ ಕುರಿಗಳ ಹಾಗೆ ನಾಲ್ಕು ಜನ.

ಪೃಥ್ವಿರಾಜ್ ಚಾಕುವನ್ನು ಒರೆಗೆ ಹಾಕಿ ಮತ್ತೆ ತೆಗೆದ. ಇನ್ನೂ ಅನುಮಾನ.

"ನಿಜ ಹೇಳಿ ಅಂಕಲ್. ನಿಮ್ಮ ಮಗನಿಗೆ ಕೊಡುವುದಾದ್ರೆ ಯಾವುದು ಕೊಡ್ತೀರಿ?"

"ಇದನ್ನೇ," ಎಂದ ಮಧ್ವೇಶ, ರೆಪ್ಪೆ ಮಿಟುಕಿಸದೆ. "ಕಣ್ಣು ಮುಚ್ಚಿ ಕೊಡ್ತೇನೆ."

ಆ ಮಾತಿಗೆ ವ್ಯಾಪಾರ ಕುದುರಿತು. ಚೌಕಾಸಿ ಕೂಡ ಮಾಡಲಿಲ್ಲ, ಪೆದ್ದ. ಹೊರಗೆ ನಿಲ್ಲಿಸಿದ್ದ ಕಾರಿನತ್ತ ಹೊರಟವನಿಗೆ ಮಧ್ವೇಶ ಅಂಗಡಿಯ ಚೀಟಿ ಚಾಚಿದ. "ಏನಾದ್ರೂ ಆದ್ರೆ ಫೋನ್ ಮಾಡಿ."

"ಎಂತ ಫೋನ್ ಅಂಕಲ್! ಕಡೆಯ ಢಾಬಾ ದಾಟಿದ್ರೆ ನೆಟ್‌ವರ್ಕೇ ಇಲ್ಲ. ನಾಳೆ ಸಂಜೆವರೆಗೆ ಆರಾಮ."

ಅಷ್ಟೇ ಬೇಕಾದದ್ದು, ಎಂದುಕೊಂಡ ಮಧ್ವೇಶ. ಒಂದು ದಿನವಾದರೂ ಪೀಡೆ ಇಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೂ ಅವನ ತುಟಿಯ ಮೇಲೆ ಆ ನಗು ಹಾಗೇ ಇತ್ತು. ಬಾಗಿಲ ಹಿಂದೆ ಅಂಗಿ ನೇತುಹಾಕಲು ಹೋದರೆ ಮೊಳೆಯಲ್ಲಿ ಮಗನ ಆಫೀಸ್ ಕಾರ್ಡು. ಅಂಥದ್ದೇ ನೀಲಿ ಪಟ್ಟಿಯನ್ನು ಇವತ್ತು ಬೇರೆಲ್ಲೋ ನೋಡಿದಂತಾಯಿತು. ಅಡುಗೆಮನೆಯಿಂದ ಠಣ್ ಎಂದು ಸದ್ದು. ಹೆಂಡತಿ ಜಯಲತಾ ತೆಂಗಿನಕಾಯಿ ಒಡೆಯುತ್ತಿದ್ದಳು. ಒಂದೇ ಪೆಟ್ಟಿಗೆ ಎರಡು ಹೋಳು. ಅವಳ ಕೈಯಲ್ಲಿ ಕಳೆಯಿಲ್ಲದ ಆ ಭಾರದ ಚಾಕು.

"ಇದು ಇಲ್ಲಿ ಹೇಗೆ?"

"ಆಫೀಸಿನವರೊಟ್ಟಿಗೆ ಕಾಡಿಗೆ ಹೊರಟ ಸಮಿತ್ ಬಿಟ್ಟು ಹೋಗಿದ್ದಾನೆ, ಭಾರ ಅಂತೆ. ಕಾಯಿ ಒಡೀಲಿಕ್ಕೆ ಲಾಯ್ಕುಂಟು." ಅವಳು ತಟ್ಟೆ ಹಾಕಿದಳು. "ಈಗಷ್ಟೇ ಢಾಬಾದಿಂದ ಫೋನ್ ಮಾಡಿದ್ದ. ಅವರ ಲೀಡರ್ ಹೊಸತು ತಂದಿದ್ದಾರಂತೆ. ಹಿಡಿಯಲ್ಲೇ ದಿಕ್ಸೂಚಿ ಉಂಟಂತೆ."

ಮಧ್ವೇಶ ಮಗನ ನಂಬರು ಒತ್ತಿದ. ಮತ್ತೆ ಒತ್ತಿದ. ಸಂಪರ್ಕ ಸಾಧ್ಯವಿಲ್ಲ ಎಂದು ಯಾವುದೋ ಹೆಣ್ಣುದನಿ ಮರಾಠಿಯಲ್ಲಿ ನಯವಾಗಿ ಹೇಳುತ್ತಲೇ ಇತ್ತು.

"ಈಗ ಸಿಗ್ಲಿಕ್ಕಿಲ್ಲ," ಎಂದಳು ಜಯಲತಾ, ಅನ್ನ ಬಡಿಸುತ್ತ. "ಹೊಸಬ ಅಲ್ವಾ, ಬಿದಿರು ಹಿಡ್ಕೊಂಡು ಎದುರು ಕೂತ್ಕೊಳ್ಳುವ ಕೆಲಸ ಇವನಿಗೇ ಕೊಟ್ಟಿದ್ದಾರಂತೆ."